ಸೆಕೆಂಡ್ ಹ್ಯಾಂಡ್ ಕೂಪೆ ಕಾರು: ಕೊಳ್ಳುವ ಮುನ್ನ ಗಮನಿಸಬೇಕಾದ ಸಂಗತಿಗಳು

ಎರಡು ಬಾಗಿಲು, ಹಿಂದಕ್ಕೆ ಇಳಿಜಾರಾದ ಮೇಲ್ಛಾವಣಿ, ತಗ್ಗಿನ ಆಸನ, ಬಲಿಷ್ಠ ಎಂಜಿನ್. ಸ್ಥೂಲವಾಗಿ ಇವು ಕೂಪೆ ಕಾರಿನ ಲಕ್ಷಣಗಳು. ಭಾರತದಲ್ಲಿ ಇಂತಹ ಕಾರುಗಳು ಹೊಸದಾಗಿ ಮಾರಾಟವಾದದ್ದೇ ಕಡಿಮೆ. ಆದರೂ ಬೆಂಗಳೂರು, ಮಂಗಳೂರು, ಮೈಸೂರಿನಂತಹ ನಗರಗಳಲ್ಲಿ ಬಳಸಿದ ಕೂಪೆಗಳನ್ನು ವಿಚಾರಿಸುವವರಿಗೆ ಕೊರತೆಯಿಲ್ಲ. ಒಂದು ಕಾಲದಲ್ಲಿ 50 ಲಕ್ಷ ರೂಪಾಯಿ ದಾಟಿದ್ದ ಕಾರು ಏಳೆಂಟು ವರ್ಷಗಳ ಬಳಿಕ ಹೊಸ ಎಸ್‌ಯುವಿಯ ಬೆಲೆಗೆ ಸಿಗುವುದುಂಟು.

ಆಕರ್ಷಣೆ ಇರುವುದು ಇಲ್ಲಿ, ಅಪಾಯವೂ ಇಲ್ಲಿಯೇ. ವರ್ಷಗಳು ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ, ಆದರೆ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. 60 ಲಕ್ಷದ ಕಾರನ್ನು 25 ಲಕ್ಷಕ್ಕೆ ಕೊಂಡವರೂ ಗೇರ್ ಬಾಕ್ಸ್ ಕೆಟ್ಟಾಗ 60 ಲಕ್ಷದ ಕಾರಿನ ರಿಪೇರಿ ವೆಚ್ಚವನ್ನೇ ಭರಿಸಬೇಕು. ದಿನವೂ ಕಚೇರಿಗೆ, ಮಕ್ಕಳ ಶಾಲೆಗೆ ಓಡಿಸಲು ಕೂಪೆ ಕೊಳ್ಳುವವರು ಈ ಲೆಕ್ಕದಿಂದಲೇ ಆರಂಭಿಸುವುದು ಒಳಿತು.

ನಿತ್ಯ ಬಳಕೆಗೆ ಒಗ್ಗುತ್ತದೆಯೇ?

ಮೊದಲ ಪ್ರಶ್ನೆ ರಸ್ತೆಯದು. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಬಡಾವಣೆಗಳ ಒಳರಸ್ತೆಗಳಲ್ಲಿ ಕಡಿದಾದ, ಕಿರಿದಾದ ಉಬ್ಬುಗಳೇ ಹೆಚ್ಚು. ತಗ್ಗಿನ ಕೂಪೆಯ ಮುಂಭಾಗದ ಬಂಪರ್ ಹಾಗೂ ತಳಭಾಗ ಇವಕ್ಕೆ ಉಜ್ಜುತ್ತವೆ. ಮಾತುಕತೆಗೆ ಮುನ್ನ ಕಾರನ್ನು ತಮ್ಮ ಮನೆಯ ರಸ್ತೆಯಲ್ಲಿ, ಅಪಾರ್ಟ್‌ಮೆಂಟ್‌ನ ನೆಲಮಾಳಿಗೆಯ ಇಳಿಜಾರಿನಲ್ಲಿ ಒಮ್ಮೆ ಓಡಿಸಿ ನೋಡುವುದು ಲೇಸು. ಉದ್ದನೆಯ ಬಾಗಿಲು ಪಾರ್ಕಿಂಗ್ ಜಾಗದಲ್ಲಿ ಪೂರ್ತಿ ತೆರೆಯುತ್ತದೆಯೇ ಎಂಬುದನ್ನೂ ಆಗಲೇ ನೋಡಬಹುದು.

ಹಿಂದಿನ ಸೀಟು ಎರಡನೆಯ ಪ್ರಶ್ನೆ. ಬಹುತೇಕ ಕೂಪೆಗಳಲ್ಲಿ ಅದು ಚಿಕ್ಕ ಮಕ್ಕಳಿಗೆ ಅಥವಾ ಚೀಲಗಳಿಗಷ್ಟೇ ಸಾಕು. ಮನೆಯಲ್ಲಿ ವಯಸ್ಸಾದವರಿದ್ದರೆ ತಗ್ಗಿನ ಆಸನದಲ್ಲಿ ಕೂತು ಏಳುವುದು ಅವರಿಗೆ ಕಷ್ಟ.

ಮಾರುಕಟ್ಟೆಯಲ್ಲಿ ಏನಿದೆ?

ಫೋರ್ಡ್ ಮಸ್ಟಾಂಗ್ ಜಿಟಿ 2016ರಲ್ಲಿ ಭಾರತಕ್ಕೆ ಬಂದಿತು. 5.0 ಲೀಟರ್‌ನ ವಿ8 ಎಂಜಿನ್‌ಗೆ ಟರ್ಬೊ ಇಲ್ಲ. ಗಟ್ಟಿಮುಟ್ಟು ಎಂಬ ಹೆಸರೂ ಇದೆ. ಆದರೆ ಇಂಧನದ ಹಸಿವು ದೊಡ್ಡದು, ಅಗಲವೂ ಹೆಚ್ಚು. ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರಲ್ಲಿ ಘೋಷಿಸಿದ್ದರಿಂದ, ಈ ಮಾದರಿಯನ್ನು ಬಲ್ಲ ಸರ್ವೀಸ್ ಕೇಂದ್ರ ಹತ್ತಿರದಲ್ಲಿದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಆಡಿ ಟಿಟಿಯ ಮೂರನೆಯ ಪೀಳಿಗೆ 2015ರಲ್ಲಿ ಇಲ್ಲಿ ಬಿಡುಗಡೆಯಾಯಿತು. 2.0 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 230 ಪಿಎಸ್ ಶಕ್ತಿ, ನಾಲ್ಕೂ ಚಕ್ರಗಳಿಗೆ ಚಾಲನೆ. ಗಾತ್ರದಲ್ಲಿ ನಗರಕ್ಕೆ ಒಗ್ಗುವ ಕಾರು. ಎಂಜಿನ್‌ನ ನೀರಿನ ಪಂಪ್ ಮತ್ತು ಥರ್ಮೋಸ್ಟಾಟ್ ಜೋಡಣೆಯಿಂದ ಕೂಲೆಂಟ್ ಸೋರುವುದು ಇದರ ಪರಿಚಿತ ದೋಷ. ಟಿಟಿ ತಯಾರಿಕೆ 2023ರಲ್ಲಿ ವಿಶ್ವದಾದ್ಯಂತ ನಿಂತಿದೆ.

ನಿಸಾನ್ 370ಝಡ್‌ನಂತಹ ಕಾರುಗಳು ಬೆರಳೆಣಿಕೆಯಷ್ಟಿವೆ. ಅಪರೂಪದ ಕಾರಿನ ಬಿಡಿಭಾಗ ವಿದೇಶದಿಂದ ಬರುವ ತನಕ ಕಾರು ಗ್ಯಾರೇಜಿನಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಇನ್ನೊಂದು ವಾಹನವಿಲ್ಲದವರಿಗೆ ಇದು ತಕ್ಕುದಲ್ಲ.

ಕೂಪೆಯ ವೇಗ ಬೇಕು, ಜೊತೆಗೆ ಸ್ವಲ್ಪ ಅನುಕೂಲವೂ ಇರಲಿ ಎನ್ನುವವರು ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ ನೋಡಬಹುದು. 2016ರಲ್ಲಿ ಬಂದ ಈ ಮೂರು ಬಾಗಿಲಿನ ಕಾರಿನಲ್ಲಿ 192 ಪಿಎಸ್ ಶಕ್ತಿಯ 1.8 ಲೀಟರ್ ಎಂಜಿನ್ ಇದೆ. ಕುಟುಂಬಸ್ಥರಿಗೆ 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಹೆಚ್ಚು ಸೂಕ್ತ. 230 ಪಿಎಸ್ ಶಕ್ತಿ, ಐದು ಜನರಿಗೆ ಜಾಗ, ವಿಶಾಲ ಡಿಕ್ಕಿ ಇದರ ಅನುಕೂಲಗಳು. ಸಾಮಾನ್ಯ ಆಕ್ಟೇವಿಯಾದೊಂದಿಗೆ ಹಲವು ಭಾಗಗಳನ್ನು ಹಂಚಿಕೊಂಡಿರುವುದರಿಂದ ಬಿಡಿಭಾಗಗಳು ದೊರೆಯುವುದೂ ಹೋಲಿಕೆಯಲ್ಲಿ ಸುಲಭ.

ಗೇರ್ ಬಾಕ್ಸ್ ಮೇಲೆ ಕಣ್ಣಿರಲಿ

ಯೂರೋಪಿನ ಕಾರುಗಳಲ್ಲಿ ಸಾಮಾನ್ಯವಾದ ಡ್ಯುಯಲ್ ಕ್ಲಚ್ ಗೇರ್ ಬಾಕ್ಸ್‌ನಲ್ಲಿ ಎರಡು ಬಗೆ. ಪೋಲೊ ಜಿಟಿಐನಲ್ಲಿರುವ 7 ಗೇರ್‌ಗಳ ಪೆಟ್ಟಿಗೆಯದು ಒಣ ಕ್ಲಚ್. ನಿಂತು ಹೊರಡುವ ಸಂಚಾರದಲ್ಲಿ ಇದು ಬೇಗ ಬಿಸಿಯಾಗುತ್ತದೆ. ಗೇರ್‌ಗಳನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕ ಕೆಡುವುದು ಇದರ ಪ್ರಸಿದ್ಧ ದೌರ್ಬಲ್ಯ. ಟಿಟಿ ಮತ್ತು ಆಕ್ಟೇವಿಯಾ ಆರ್‌ಎಸ್‌ನ 6 ಗೇರ್‌ಗಳ ಪೆಟ್ಟಿಗೆಯಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ. ಇದು ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ಆದರೆ 60 ಸಾವಿರ ಕಿ.ಮೀ.ಗೊಮ್ಮೆ ಎಣ್ಣೆ ಬದಲಿಸಲೇಬೇಕು. ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ಭಾವಿಸಿ ಬೆಲೆ ಮಾತನಾಡಬೇಕು.

ಪರೀಕ್ಷಾರ್ಥ ಓಡಾಟವನ್ನು ಖಾಲಿ ಹೆದ್ದಾರಿಯಲ್ಲಿ ಮಾತ್ರ ಮುಗಿಸಬಾರದು. ಅರ್ಧ ಗಂಟೆ ದಟ್ಟಣೆಯಲ್ಲಿ ನಿಧಾನವಾಗಿ ಓಡಿಸಿದಾಗ ಮೊದಲ ಎರಡು ಗೇರ್‌ಗಳ ನಡುವೆ ಅದುರುವಿಕೆ, ಎಳೆದಾಟ ಇದ್ದರೆ ಗೊತ್ತಾಗುತ್ತದೆ.

ಪರಿಶೀಲನೆ ಹೇಗೆ?

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಪಾಲಿಶ್ ಮಾಡಿದ ಕಾರಿಗೆ ಚೆನ್ನಾಗಿ ಒಪ್ಪುತ್ತದೆ.

* ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ನೋಡಬೇಕು. ಮಾರುವವರು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಮತ್ತೊಂದು ದಿನ ಹೋಗುವುದು ಮೇಲು. ಆರಂಭದಲ್ಲಿ ಚೈನ್ ಸದ್ದು, ನೀಲಿ ಹೊಗೆ ಕಂಡರೆ ಎಚ್ಚರ ವಹಿಸಬೇಕು.
* ಒಬಿಡಿ ಸ್ಕ್ಯಾನರ್ ಜೋಡಿಸಿ ದೋಷ ಸಂಕೇತಗಳನ್ನು ಓದಿಸಬೇಕು. ಸಂಕೇತಗಳಿಲ್ಲ, ಆದರೆ ಕಾರಿನ ಸ್ವಯಂ ತಪಾಸಣೆಗಳು ‘ಅಪೂರ್ಣ’ ಎಂದು ತೋರಿದರೆ, ಇತ್ತೀಚೆಗೆ ಯಾರೋ ದೋಷಗಳನ್ನು ಅಳಿಸಿರುವ ಸಾಧ್ಯತೆ ಇದೆ.
* ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ತಯಾರಿಕೆಯ ವಾರ ಮತ್ತು ವರ್ಷವನ್ನು ಹೇಳುತ್ತದೆ. 3219 ಎಂದಿದ್ದರೆ 2019ರ 32ನೇ ವಾರ. ಕಡಿಮೆ ಓಡಿದ ಕಾರಿನಲ್ಲಿ ಟೈರ್ ಸವೆಯದಿದ್ದರೂ ವಯಸ್ಸಾಗಿರುತ್ತದೆ. ವೇಗದ ಕಾರಿನಲ್ಲಿ ಇದು ಜೀವದ ಪ್ರಶ್ನೆ.
* ನೆರೆಯಲ್ಲಿ ಮುಳುಗಿದ ಕಾರುಗಳ ಬಗ್ಗೆ ಜಾಗ್ರತೆ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರು ಭಾಗದಲ್ಲಿ, 2015 ಮತ್ತು 2023ರ ಡಿಸೆಂಬರ್‌ಗಳಲ್ಲಿ ಚೆನ್ನೈನಲ್ಲಿ ಅನೇಕ ಕಾರುಗಳು ನೀರಿನಲ್ಲಿ ನಿಂತಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಕಾಣಬಹುದು. ಸೀಟಿನ ಕೆಳಗಿನ ಬೋಲ್ಟ್‌ಗಳ ತುಕ್ಕು ಇನ್ನೊಂದು ಸುಳಿವು.
* ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ತಳಭಾಗ ನೋಡದೆ ಮುಂಗಡ ಕೊಡಬಾರದು. ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೆ ಕೊಡುವ ಶುಲ್ಕ ವ್ಯರ್ಥವಾಗದು.

ಎಂಜಿನ್ ಶಕ್ತಿ ಹೆಚ್ಚಿಸಲು ಸಾಫ್ಟ್‌ವೇರ್ ಬದಲಿಸಿದ, ಸೈಲೆನ್ಸರ್ ತೆಗೆದ ಕಾರುಗಳನ್ನು ದೂರವಿಡುವುದೇ ಕ್ಷೇಮ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನಧಿಕೃತ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ಅಪಘಾತವಾದಾಗ ವಿಮೆಯ ಹಣಕ್ಕೂ ತೊಡಕಾಗಬಹುದು.

ಇಂಧನದ ವಿಷಯವೂ ಹೊಸದಾಗಿ ಸೇರಿದೆ. ದೇಶದ ಪೆಟ್ರೋಲ್‌ನಲ್ಲಿ ಈಗ ಶೇ 20ರಷ್ಟು ಎಥೆನಾಲ್ ಬೆರೆಸಲಾಗುತ್ತಿದೆ. 2023ರ ಏಪ್ರಿಲ್‌ಗೆ ಮುಂಚಿನ ಹೆಚ್ಚಿನ ಕಾರುಗಳು ಇದಕ್ಕಾಗಿ ರೂಪುಗೊಂಡವಲ್ಲ. ಹಳೆಯ ಕಾರಿನಲ್ಲಿ ಇಂಧನದ ರಬ್ಬರ್ ಕೊಳವೆಗಳು ಮತ್ತು ಪಂಪ್‌ನ ಸ್ಥಿತಿಯನ್ನು ವಿಶೇಷವಾಗಿ ಪರೀಕ್ಷಿಸಬೇಕು.

ದಾಖಲೆಗಳೇ ಅರ್ಧ ಕಾರು

ದೆಹಲಿ, ಪುದುಚೇರಿ ನೋಂದಣಿಯ ಕಾರುಗಳು ಅಗ್ಗವಾಗಿ ಕಾಣುವುದುಂಟು. ಆದರೆ 12 ತಿಂಗಳಿಗಿಂತ ಹೆಚ್ಚು ಕಾಲ ಕರ್ನಾಟಕದಲ್ಲಿ ಇರಿಸಿಕೊಳ್ಳುವ ಹೊರರಾಜ್ಯದ ಕಾರಿಗೆ ಇಲ್ಲಿಯ ನೋಂದಣಿ ಕಡ್ಡಾಯ, ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ಕಾರಿನ ಬೆಲೆ ಹಾಗೂ ವಯಸ್ಸನ್ನು ಆಧರಿಸಿದ ಈ ತೆರಿಗೆ ದುಬಾರಿ ಕಾರುಗಳಿಗೆ ಹಲವು ಲಕ್ಷ ರೂಪಾಯಿ ತಲುಪುತ್ತದೆ. ತೆರಿಗೆ ಕಟ್ಟದೆ ಓಡುತ್ತಿದ್ದ ಹೊರರಾಜ್ಯ ನೋಂದಣಿಯ ಐಷಾರಾಮಿ ಕಾರುಗಳನ್ನು 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ವಶಪಡಿಸಿಕೊಂಡದ್ದು ಕೊಳ್ಳುವವರ ನೆನಪಿನಲ್ಲಿರಬೇಕು. ಆರ್‌ಟಿಒದಲ್ಲಿ ತೆರಿಗೆಯ ಮೊತ್ತ ತಿಳಿದು, ಅದನ್ನು ಕಾರಿನ ಬೆಲೆಗೆ ಸೇರಿಸಿ ಹೋಲಿಸಿದರೆ ಅಗ್ಗದ ನಿಜರೂಪ ತಿಳಿಯುತ್ತದೆ.

ಆರ್‌ಸಿಯಲ್ಲಿನ ಎಂಜಿನ್ ಹಾಗೂ ಛಾಸಿ ಸಂಖ್ಯೆ ಕಾರಿನ ಮೇಲಿನ ಸಂಖ್ಯೆಗೆ ತಾಳೆಯಾಗಬೇಕು. ಸಾಲ, ದಂಡ, ವಿಮೆಯ ಸ್ಥಿತಿಯನ್ನು ಸರ್ಕಾರದ ಪರಿವಾಹನ್ ತಾಣದಲ್ಲಿ ನೋಡಬಹುದು. ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30, ಹೊರರಾಜ್ಯದ ಕಾರಾದರೆ ನಿರಾಕ್ಷೇಪಣಾ ಪತ್ರದ ನಮೂನೆ 28, ಬ್ಯಾಂಕ್ ಸಾಲ ತೀರಿದ್ದರೆ ನಮೂನೆ 35 ಅಗತ್ಯ. ವಿಮೆಯನ್ನು ಹೊಸ ಮಾಲೀಕರ ಹೆಸರಿಗೆ ಬದಲಿಸಲು 14 ದಿನಗಳೊಳಗೆ ಕಂಪನಿಗೆ ಅರ್ಜಿ ಸಲ್ಲಿಸಬೇಕು. ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಬರುವುದಿಲ್ಲ.

ಕೊನೆಯ ಲೆಕ್ಕ

ಎರಡು ಕಾರುಗಳ ನಡುವೆ ಗೊಂದಲವಿದ್ದರೆ, ಕಡಿಮೆ ಕಿ.ಮೀ. ಓಡಿ ದಾಖಲೆಯಿಲ್ಲದ ಕಾರಿಗಿಂತ ಹೆಚ್ಚು ಓಡಿದರೂ ಪ್ರತಿ ಸರ್ವೀಸ್‌ನ ಬಿಲ್ ಇರುವ ಕಾರನ್ನು ಆರಿಸುವುದು ಜಾಣತನ. ಕೈಯಲ್ಲಿರುವ ಹಣವನ್ನೆಲ್ಲ ಖರೀದಿಗೇ ಸುರಿಯಬಾರದು. ಟೈರ್, ಬ್ರೇಕ್, ಎಣ್ಣೆ ಬದಲಾವಣೆ ಮತ್ತು ಮೊದಲ ವರ್ಷದ ಅನಿರೀಕ್ಷಿತ ರಿಪೇರಿಗಾಗಿ ಕಾರಿನ ಬೆಲೆಯ ಐದನೇ ಒಂದು ಭಾಗವನ್ನಾದರೂ ಬೇರೆ ತೆಗೆದಿಡಬೇಕು. ಅಷ್ಟು ಉಳಿಯದಿದ್ದರೆ ಒಂದು ಮೆಟ್ಟಿಲು ಕೆಳಗಿನ ಕಾರನ್ನು ನೋಡುವುದು ಉತ್ತಮ.