ಎಂಟಕ್ಕೊಬ್ಬರು, ಹತ್ತಕ್ಕೊಬ್ಬರು: ವಿಶೇಷ ಶಿಕ್ಷಕರ ಹಂಚಿಕೆಯ ಚರಿತ್ರೆ

ಗುಜರಾತಿನಲ್ಲಿ ನೆಲೆಸಿರುವ ನಮಗೆ ಬರೋಡಾ ಸಂಸ್ಥಾನದ ಶಿಕ್ಷಣ ಸೇವೆಯ ಪರಿಚಯವಿದೆ. ಮೂರನೆಯ ಸಯಾಜಿರಾವ್ ಗಾಯಕವಾಡ ಮಹಾರಾಜರು 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಪ್ರಯೋಗಾರ್ಥವಾಗಿ ಆರಂಭಿಸಿ, 1906ರಲ್ಲಿ ಅದನ್ನು ಇಡೀ ಸಂಸ್ಥಾನಕ್ಕೆ ವಿಸ್ತರಿಸಿದರು. ಬ್ರಿಟಿಷ್ ಭಾರತಕ್ಕೂ ಅಂಥದೇ ಕಾನೂನು ಬೇಕೆಂದು ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ತಂದ ಮಸೂದೆ ಮರುವರ್ಷವೇ ಬಿದ್ದುಹೋಯಿತು. ಹೀಗೆ "ಎಲ್ಲ ಮಕ್ಕಳೂ ಶಾಲೆಗೆ" ಎಂಬ ಮಾತು ಇಲ್ಲಿ ಬಹು ಹಿಂದೆಯೇ ಕೇಳಿಬಂದಿತ್ತು. ಆದರೆ ಕಣ್ಣು ಕಾಣದ, ಕಿವಿ ಕೇಳದ, ಕಲಿಕೆಯಲ್ಲಿ ಹಿಂದುಳಿದ ಮಗು ಊರಿನ ಸಾಮಾನ್ಯ ಶಾಲೆಗೇ ಬಂದರೆ, ಅದಕ್ಕೆ ಬೇಕಾದ ಶಿಕ್ಷಕರನ್ನು ಯಾವ ಲೆಕ್ಕದ ಮೇಲೆ ಕೊಡಬೇಕು? ಈ ಪ್ರಶ್ನೆಯನ್ನು ಸರ್ಕಾರಗಳು ಕೈಗೆತ್ತಿಕೊಳ್ಳಲು ಬಹಳ ಕಾಲ ಹಿಡಿಯಿತು.

ಮೊದಲು ಬಂದದ್ದು ಪ್ರತ್ಯೇಕ ಶಾಲೆಗಳು. 1887ರಲ್ಲಿ ಅಮೃತಸರದಲ್ಲಿ ಅಂಧರ ಶಾಲೆ ಆರಂಭವಾಯಿತು. ನಮ್ಮ ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾಯರು ಅಂಧ ಹಾಗೂ ಕಿವುಡ ಮಕ್ಕಳಿಗಾಗಿ ಶಾಲೆ ತೆರೆದರು. ಅಹಮದಾಬಾದಿನಲ್ಲಿ 1950ರ ದಶಕದಲ್ಲಿ ಬೆಳೆದ ಅಂಧಜನ ಮಂಡಲವನ್ನು ಕಟ್ಟಿದ ಜಗದೀಶ ಪಟೇಲರು ಸ್ವತಃ ದೃಷ್ಟಿಹೀನರು. 1991ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇಂಥ ಸಂಸ್ಥೆಗಳ ಸೇವೆ ಅಪಾರವಾದದ್ದು. ಆದರೆ ಪ್ರತ್ಯೇಕ ಶಾಲೆಯ ಪದ್ಧತಿಯಲ್ಲಿ ಮಗುವೇ ಶಿಕ್ಷಕರಿದ್ದಲ್ಲಿಗೆ ಹೋಗಬೇಕು. ಹೋಗಲಾರದ ಮಗು ಮನೆಯಲ್ಲೇ ಉಳಿಯುತ್ತದೆ.

1964-66ರ ಕೊಠಾರಿ ಆಯೋಗವು ಇಂಥ ಮಕ್ಕಳ ಶಿಕ್ಷಣ ಸಾಮಾನ್ಯ ಶಿಕ್ಷಣದ ಅಂಗವೇ ಆಗಬೇಕೆಂದಿತು. ಅದನ್ನು ಕಾರ್ಯರೂಪಕ್ಕೆ ತರಲು ಕೇಂದ್ರದ ಸಮಾಜ ಕಲ್ಯಾಣ ಇಲಾಖೆ 1974ರಲ್ಲಿ ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣ ಯೋಜನೆಯನ್ನು ಆರಂಭಿಸಿತು. 1982ರಲ್ಲಿ ಅದು ಶಿಕ್ಷಣ ಇಲಾಖೆಗೆ ವರ್ಗವಾಯಿತು. 1992ರ ಪರಿಷ್ಕೃತ ದರಗಳನ್ನು ನೋಡಿದರೆ ಯೋಜನೆಯ ಮನೋಭಾವ ತಿಳಿಯುತ್ತದೆ: ಪುಸ್ತಕ ಮತ್ತು ಲೇಖನ ಸಾಮಗ್ರಿಗೆ ವರ್ಷಕ್ಕೆ 400 ರೂಪಾಯಿ, ಸಮವಸ್ತ್ರಕ್ಕೆ 200, ಪ್ರಯಾಣಕ್ಕೆ ತಿಂಗಳಿಗೆ 50, ಕಾಲಿನ ತೀವ್ರ ಊನವುಳ್ಳ ಮಗುವನ್ನು ಕರೆತರುವವರಿಗೆ ತಿಂಗಳಿಗೆ 75. ಸಂಪನ್ಮೂಲ ಶಿಕ್ಷಕರ ಪ್ರಮಾಣ ಎಂಟು ಮಕ್ಕಳಿಗೆ ಒಬ್ಬರು.

ಕಾಗದದ ಮೇಲೆ ಇದು ಒಳ್ಳೆಯ ಪ್ರಮಾಣವೇ. ಆದರೆ ಲೆಕ್ಕವನ್ನು ಒಂದೊಂದೇ ಶಾಲೆಗೆ ಹಾಕಿ ನೋಡಿ. ಒಂದು ಪ್ರಾಥಮಿಕ ಶಾಲೆಯಲ್ಲಿ ಅಂಥ ಮಕ್ಕಳು ಇಬ್ಬರೋ ಮೂವರೋ ಇರುತ್ತಾರೆ. ಒಬ್ಬರಿಗೆ ಕಣ್ಣಿನ ತೊಂದರೆ, ಇನ್ನೊಬ್ಬರಿಗೆ ಕಿವಿಯದು. ಎಂಟು ಭರ್ತಿಯಾಗುವುದೇ ಇಲ್ಲ. ಭಾಗಾಕಾರದಲ್ಲಿ ಉಳಿದ ಶೇಷವನ್ನು ನಾವು ಬದಿಗಿಡಬಹುದು. ಇಲ್ಲಿ ಶೇಷವಾಗಿ ಉಳಿಯುವುದು ಮಗು.

ಈ ತೊಡಕನ್ನು ಬಿಡಿಸಲು ನಡೆದ ಮಹತ್ವದ ಪ್ರಯತ್ನವೊಂದರಲ್ಲಿ ಬರೋಡಾ ಮತ್ತೆ ಕಾಣಿಸಿಕೊಳ್ಳುತ್ತದೆ. 1987ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು ಯುನಿಸೆಫ್ ನೆರವಿನಿಂದ ಅಂಗವಿಕಲರ ಸಮನ್ವಯ ಶಿಕ್ಷಣದ ಪ್ರಾಯೋಗಿಕ ಯೋಜನೆಯೊಂದನ್ನು ಹತ್ತು ಕಡೆ ಕೈಗೊಂಡಿತು. ತಮಿಳುನಾಡು, ಮಹಾರಾಷ್ಟ್ರ, ರಾಜಸ್ಥಾನ, ನಾಗಾಲ್ಯಾಂಡ್ ಮೊದಲಾದ ಎಂಟು ರಾಜ್ಯಗಳ ಜೊತೆಗೆ ದೆಹಲಿ ಮತ್ತು ಬರೋಡಾ ನಗರಪಾಲಿಕೆಗಳೂ ಅದರಲ್ಲಿದ್ದವು. ಲೆಕ್ಕದ ಘಟಕ ಇಲ್ಲಿ ಒಂದು ಶಾಲೆಯಲ್ಲ, ಒಂದು ಇಡೀ ಪ್ರದೇಶ. ಆ ಪ್ರದೇಶದ ಎಲ್ಲ ಸಾಮಾನ್ಯ ಶಾಲೆಗಳೂ ಈ ಮಕ್ಕಳನ್ನು ಸೇರಿಸಿಕೊಳ್ಳಬೇಕು. ಬೋಧನೆಯ ನೆರವನ್ನು ಎಲ್ಲ ಶಾಲೆಗಳೂ ಹಂಚಿಕೊಳ್ಳಬೇಕು.

ಶಿಕ್ಷಕರ ತರಬೇತಿಯಲ್ಲೂ ಮೂರು ಮೆಟ್ಟಿಲುಗಳಿದ್ದವು. ಎಲ್ಲ ಶಿಕ್ಷಕರಿಗೂ ಒಂದು ವಾರದ ಪರಿಚಯ. ಶೇಕಡಾ ಹತ್ತರಷ್ಟು ಶಿಕ್ಷಕರಿಗೆ ಆರು ವಾರಗಳ ತರಬೇತಿ. ಪ್ರದೇಶಕ್ಕೆ ಎಂಟು-ಹತ್ತು ಶಿಕ್ಷಕರಿಗೆ ಒಂದು ವರ್ಷದ ಪೂರ್ಣ ತರಬೇತಿ. ತರಗತಿಯ ಶಿಕ್ಷಕಿಯು ಮಗುವಿನ ತೊಂದರೆಯನ್ನು ಗುರುತಿಸುತ್ತಾಳೆ, ತನ್ನಿಂದಾದದ್ದನ್ನು ಮಾಡುತ್ತಾಳೆ. ಮೀರಿದ್ದನ್ನು ಹೆಚ್ಚು ಬಲ್ಲವರ ಗಮನಕ್ಕೆ ತರುತ್ತಾಳೆ. ಎಲ್ಲ ಶಾಲೆಗೂ ತಜ್ಞರನ್ನು ಕೊಡಲಾಗದಿದ್ದರೂ ಯಾವ ಶಾಲೆಯೂ ಬರಿಗೈಯಲ್ಲಿರಬಾರದೆಂಬುದೇ ಇದರ ಸಾರ.

ಮುಂದೆ ಕಾನೂನಿನ ಬಲ ಬಂತು. 1995ರ ಕಾಯಿದೆ ಏಳು ಬಗೆಯ ನ್ಯೂನತೆಗಳನ್ನು ಹೆಸರಿಸಿ, 18 ವರ್ಷದವರೆಗೆ ಉಚಿತ ಶಿಕ್ಷಣದ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿತು. 2016ರ ಕಾಯಿದೆಯಲ್ಲಿ ಅವು 21 ಆದವು. ಬುದ್ಧಿ ಚುರುಕಾಗಿದ್ದೂ ಓದು-ಬರಹದಲ್ಲಿ ತೊಡಕುಳ್ಳ ಮಕ್ಕಳೂ ಅದರಲ್ಲಿ ಸೇರಿದರು. 2001ರ ಸುಮಾರಿಗೆ ಬಂದ ಸರ್ವ ಶಿಕ್ಷಾ ಅಭಿಯಾನದಲ್ಲಿ ಇಂಥ ಪ್ರತಿ ಮಗುವಿಗೆ ವರ್ಷಕ್ಕೆ 1,200 ರೂಪಾಯಿವರೆಗೆ ಅವಕಾಶವಿತ್ತು, ಅದು ಮುಂದೆ 3,000 ಆಯಿತು. 2018ರ ಸಮಗ್ರ ಶಿಕ್ಷಾ ಯೋಜನೆಯಲ್ಲಿ 3,500. ಶಾಲೆಯಿಂದ ಶಾಲೆಗೆ ಓಡಾಡುವ ಸಂಚಾರಿ ಶಿಕ್ಷಕರು ಈ ವ್ಯವಸ್ಥೆಯ ಆಧಾರಸ್ತಂಭ.

2021ರ ಅಕ್ಟೋಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ತೀರ್ಪಿತ್ತು, ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೊಬ್ಬ ವಿಶೇಷ ಶಿಕ್ಷಕರೆಂಬ ಪ್ರಮಾಣವನ್ನು ಸೂಚಿಸಿತು. ಮೇಲಿನ ಹಂತಗಳಿಗೆ ಹದಿನೈದಕ್ಕೊಬ್ಬರು. ಸಾಕಷ್ಟು ಶಿಕ್ಷಕರು ದೊರೆಯುವ ತನಕ ಅಕ್ಕಪಕ್ಕದ ಶಾಲೆಗಳು ಅವರನ್ನು ಹಂಚಿಕೊಳ್ಳಬಹುದೆಂದೂ, ಇತರ ಶಿಕ್ಷಕರಿಗೆ ತರಬೇತಿ ಕೊಡಬೇಕೆಂದೂ ಹೇಳಿತು. 1987ರ ಯೋಜನೆಯ ತಿರುಳೇ ಇದು. ಹತ್ತಕ್ಕೊಬ್ಬರು ಎಂಬ ಪ್ರಮಾಣ 2022ರಲ್ಲಿ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಗೂ ಸೇರಿತು.

ಎಂಟಕ್ಕೊಬ್ಬರಾಗಲಿ ಹತ್ತಕ್ಕೊಬ್ಬರಾಗಲಿ, ಮಗು ಮೊದಲು ಎಣಿಕೆಗೆ ಸಿಗಬೇಕು. ಪರಊರಿನಲ್ಲಿರುವ ನಮಗೆ ಕಷ್ಟವಿರುವುದು ಇಲ್ಲಿಯೇ. ಸೂರತ್ತಿನ ನಗರ ಪ್ರಾಥಮಿಕ ಶಿಕ್ಷಣ ಸಮಿತಿಯ ಶಾಲೆಗಳು ಗುಜರಾತಿ, ಹಿಂದಿ, ಮರಾಠಿ, ಉರ್ದು, ಒಡಿಯಾ, ತೆಲುಗು, ಇಂಗ್ಲಿಷ್ ಎಂಬ ಏಳು ಮಾಧ್ಯಮಗಳಲ್ಲಿ ನಡೆಯುತ್ತವೆ. ಮನೆಯಲ್ಲಿ ಕನ್ನಡವಾಡುವ ಮಗು ಇವುಗಳಲ್ಲಿ ಯಾವುದಾದರೊಂದಕ್ಕೆ ಹೊಂದಿಕೊಳ್ಳಲೇಬೇಕು. ಅದು ತರಗತಿಯಲ್ಲಿ ಉತ್ತರ ಕೊಡದಿದ್ದರೆ "ಭಾಷೆ ಬರುವುದಿಲ್ಲ, ನಿಧಾನಕ್ಕೆ ಕಲಿಯುತ್ತದೆ" ಎಂದುಬಿಡುವುದು ಸುಲಭ; ಕಿವಿಯ ದೋಷ ವರ್ಷಗಟ್ಟಲೆ ಮರೆಯಾಗಿ ಉಳಿಯಬಹುದು. ಇದಕ್ಕೆ ತದ್ವಿರುದ್ಧವಾಗಿ, ಬರದ ಭಾಷೆಯಲ್ಲಿ ಪರೀಕ್ಷಿಸಿ ಚುರುಕಾದ ಮಗುವನ್ನೇ ಮಂದಬುದ್ಧಿಯೆಂದು ಬರೆದುಬಿಡಲೂಬಹುದು. ಎರಡೂ ಅನ್ಯಾಯವೇ. ತಂದೆಗೆ ವರ್ಗವಾದರಂತೂ ಹಳೆಯ ಊರಿನ ಪಟ್ಟಿಯಿಂದ ಹೆಸರು ಹೋಗುತ್ತದೆ, ಹೊಸ ಊರಿನ ಪಟ್ಟಿಗೆ ತಾನಾಗಿ ಬರುವುದಿಲ್ಲ.

ಆದ್ದರಿಂದ ತಂದೆತಾಯಿಗಳಲ್ಲಿ ಎರಡು ವಿನಂತಿ. ಶಾಲೆಯವರು ಪ್ರತಿ ವರ್ಷ ಸರ್ಕಾರಕ್ಕೆ ಕಳಿಸುವ ಮಾಹಿತಿಯಲ್ಲಿ ಮಗುವಿನ ನ್ಯೂನತೆಯ ಕಲಮು ಇದೆ. ಅದು ಭರ್ತಿಯಾಗಿದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿರಿ. "ನಾಲ್ಕು ಜನ ಏನೆನ್ನುತ್ತಾರೋ" ಎಂಬ ಸಂಕೋಚದಿಂದ ಮುಚ್ಚಿಟ್ಟರೆ ನಷ್ಟ ಮಗುವಿಗೇ. ಸಂಚಾರಿ ಶಿಕ್ಷಕರು ಯಾವ ದಿನ ಬರುತ್ತಾರೆಂದು ಕೇಳುವ ಹಕ್ಕೂ ನಮಗಿದೆ. ಸಂಘದ ಬಂಧುಗಳಲ್ಲಿ ಇನ್ನೊಂದು ಕೋರಿಕೆ: ಮಗುವಿನ ತಪಾಸಣೆಯ ದಿನ ಕನ್ನಡವನ್ನೂ ಗುಜರಾತಿಯನ್ನೂ ಬಲ್ಲವರೊಬ್ಬರು ಆ ಕುಟುಂಬದ ಜೊತೆ ಹೋಗಿ ಕುಳಿತರೆ ಸಾಕು. ಖರ್ಚು ಒಂದು ಬಸ್ ಟಿಕೆಟಿನದು. ಮಗುವಿನ ಹೆಸರು ಸರಿಯಾದ ಕಲಮಿನಲ್ಲಿ ಬೀಳುತ್ತದೆ.