ಕೇಶಸಂಸ್ಕಾರ

ಅಮರಸಿಂಹನು ತನ್ನ ಕೋಶದ ಮನುಷ್ಯವರ್ಗದಲ್ಲಿ ಕೂದಲಿಗೆ ಹೇಳಿರುವ ಹೆಸರುಗಳನ್ನು ನೋಡಿದರೆ ಅವು ಎರಡು ಬಗೆಯಾಗಿ ತೋರುತ್ತವೆ. ಚಿಕುರ, ಕುಂತಲ, ಕಚ, ಶಿರೋರುಹ ಎಂಬವು ತಲೆಯ ಮೇಲೆ ತಾನಾಗಿ ಬೆಳೆದುದರ ಹೆಸರುಗಳು. ಕಬರೀ ಎಂಬುದು ಕೇಶದ ವಿನ್ಯಾಸಕ್ಕೆ, ಧಮ್ಮಿಲ್ಲವೆಂಬುದು ಬಿಗಿದು ಕಟ್ಟಿದ ತುರುಬಿಗೆ, ವೇಣಿಯೆಂಬುದು ಹೆಣೆದ ಜಡೆಗೆ ಸಂದಿವೆ. ಇವು ಕೈಗೆಲಸದ ಹೆಸರುಗಳು. ಕನ್ನಡದ ಮುಡಿ, ಹೆರಳು, ತುರುಬು, ಬೈತಲೆ ಮುಂತಾದ ಮಾತುಗಳಾದರೂ ಹೀಗೆಯೇ. ಬಹುಕಾಲ ನಡೆದುಬಂದ ಗೃಹಕೃತ್ಯವೊಂದಿಲ್ಲದೆ ಇಷ್ಟು ಪದಗಳು ಹುಟ್ಟುವುದುಂಟೆ?

ಆ ಕೃತ್ಯದ ಸುಳಿವನ್ನು ಕಾವ್ಯಗಳೂ ಶಾಸ್ತ್ರಗಳೂ ಅಲ್ಲಲ್ಲಿ ಕೊಡುತ್ತವೆ. ಮೇಘದೂತದಲ್ಲಿ ಉಜ್ಜಯಿನಿಯ ಮೇಲೆ ಸಾಗುವ ಮೇಘಕ್ಕೆ ಮೈದುಂಬಿಕೊಳ್ಳಲು ದೊರೆಯುವುದು, ಸ್ತ್ರೀಯರು ಕೂದಲಿಗೆ ಹಿಡಿದ ಧೂಪದ ಹೊಗೆ. ಅದು ಗವಾಕ್ಷಗಳಿಂದ ಹೊರಟು ಮೇಲೇರುತ್ತದೆ. ಇಂದಿಗೂ ಎಳೆಗೂಸಿನ ತಲೆಗೆ ನೀರೆರೆದ ಬಳಿಕ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸುವ ಅಜ್ಜಿಯಂದಿರು ಕಾಳಿದಾಸನನ್ನು ಓದಿದವರಲ್ಲ. ಆದರೂ ಅವರ ಕೈಯಲ್ಲಿ ನಡೆಯುವುದು ಅದೇ ಸಂಸ್ಕಾರ. ಕಲ್ಯಾಣದ ಚಾಲುಕ್ಯರಲ್ಲಿ 1126ರಿಂದ ಆಳಿದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಇಪ್ಪತ್ತು ಉಪಭೋಗಗಳನ್ನು ಎಣಿಸುವಾಗ ಸ್ನಾನ, ಮಾಲ್ಯ, ಧೂಪ ಇವುಗಳಿಗೆ ಬೇರೆ ಬೇರೆ ಸ್ಥಾನವನ್ನಿತ್ತಿದ್ದಾನೆ.

ಎಲ್ಲಕ್ಕಿಂತಲೂ ವಿವರವಾದುದು ವರಾಹಮಿಹಿರನ ಬೃಹತ್ಸಂಹಿತೆಯ ಗಂಧಯುಕ್ತಿ ಪ್ರಕರಣ. ತಲೆ ನರೆತವನಿಗೆ ಹೂವೂ ಗಂಧವೂ ಒಡವೆಯೂ ಒಪ್ಪವೆಂದು ಮೊದಲೇ ಹೇಳಿಬಿಟ್ಟು, ನರೆಯನ್ನು ಕಪ್ಪಾಗಿಸುವ ವಿಧಾನವನ್ನು ಅವನು ಬೋಧಿಸುತ್ತಾನೆ. ಕಬ್ಬಿಣದ ಪಾತ್ರೆಯಲ್ಲಿ ಹುಳಿಯೊಡನೆ ಹಾರಕದ ಅಕ್ಕಿಯನ್ನೂ ಕಬ್ಬಿಣದ ಪುಡಿಯನ್ನೂ ಬೇಯಿಸಿ ನುಣ್ಣಗೆ ಅರೆಯಬೇಕು. ಹುಳಿಯಿಂದ ತೋಯಿಸಿದ ಕೂದಲಿಗೆ ಅದನ್ನು ಹಚ್ಚಿ ಹಸಿ ಎಲೆಗಳಿಂದ ಸುತ್ತಿಕೊಂಡು ಎರಡು ಜಾವ ಇರಬೇಕು. ಆಮೇಲೆ ಅದನ್ನು ತೆಗೆದು ನೆಲ್ಲಿಕಾಯಿಯ ಲೇಪ ಹಾಕಿ ಮತ್ತೆ ಎಲೆ ಸುತ್ತಿ ಇನ್ನೆರಡು ಜಾವ ಕಳೆದು ತೊಳೆಯಬೇಕು. ಒಟ್ಟು ಹನ್ನೆರಡು ಗಂಟೆಗಳ ವ್ರತವಿದು! ಆದರೆ ಪಾಕವು ಹುಸಿಯಲ್ಲ. ಹುಳಿಯಲ್ಲಿ ಕರಗಿದ ಕಬ್ಬಿಣವು ನೆಲ್ಲಿಯ ಒಗರಿನೊಡನೆ ಸೇರಿದರೆ ಕಪ್ಪು ಹುಟ್ಟುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಹಾಕಿ ಮಸಿ ಮಾಡುತ್ತಿದ್ದ ಹಳಬರಿಗೆ ತಿಳಿದಿದ್ದ ಗುಟ್ಟೂ ಇದೇ. ತಲೆಗೆ ಬಣ್ಣ, ಕಾಗದಕ್ಕೆ ಅಕ್ಷರ: ಎರಡಕ್ಕೂ ಮೂಲ ಒಂದು. ಕಬ್ಬಿಣದ ವಾಸನೆಯನ್ನು ಕಳೆಯಲು ಬಳಿಕ ಸುಗಂಧಸ್ನಾನವನ್ನೂ ತೈಲವನ್ನೂ ವಿಧಿಸಿರುವುದರಿಂದ, ಈ ಪ್ರಯೋಗವನ್ನು ಮಾಡಿ ನೋಡಿದವರೇ ಬರೆದಿರಬೇಕೆಂದು ಊಹಿಸಬಹುದು.

ಕನ್ನಡನಾಡಿನ ಮನೆಗಳಲ್ಲಿ ಇಷ್ಟು ಆಡಂಬರವಿರಲಿಲ್ಲ. ಮಂಗಳವಾರ ಶುಕ್ರವಾರಗಳಂದು ಹೆಂಗಸರಿಗೆ, ಶನಿವಾರ ಗಂಡಸರಿಗೆ ಎಣ್ಣೆನೀರು. ಬಯಲುಸೀಮೆಯಲ್ಲಿ ಸೀಗೆಪುಡಿ, ಚಿಗರೆಪುಡಿ, ಅಂಟುವಾಳ. ಮಲೆನಾಡು ಕರಾವಳಿಗಳಲ್ಲಿ ದಾಸವಾಳದ ಇಲ್ಲವೆ ಮತ್ತಿಯ ಸೊಪ್ಪನ್ನು ನೀರಿನಲ್ಲಿ ಕಿವುಚಿ ತೆಗೆದ ಲೋಳೆ. ಸೀಗೆಕಾಯನ್ನು ಬಿಸಿಲಿಗೆ ಒಣಗಿಸಿ, ಮೆಂತ್ಯ, ಹೆಸರುಕಾಳು, ಒಣಗಿದ ನಿಂಬೆಯ ಸಿಪ್ಪೆಗಳನ್ನು ಸೇರಿಸಿ ಕುಟ್ಟಿ ಜಾಲಿಸಿ ಡಬ್ಬಿಯಲ್ಲಿಡುವುದು ವರುಷದ ಕೆಲಸ. ಸಂಸ್ಕೃತದಲ್ಲಿ ಅಂಟುವಾಳಕ್ಕೆ ಫೇನಿಲವೆಂದು ಹೆಸರು, ನೊರೆಯುಳ್ಳದ್ದೆಂದರ್ಥ. ಸೀಗೆಯ ನೊರೆ ಅಷ್ಟಿಲ್ಲ. ಆದರೆ ಅದು ತುಸು ಹುಳಿಯ ಗುಣದ್ದು, ಆದಕಾರಣ ಕೂದಲಿನ ಮೇಲ್ಪೊರೆ ಏಳದೆ ನುಣುಪಾಗಿ ಒರಗುತ್ತದೆ. ಸಾಬೂನು ಕ್ಷಾರ, ಸುಣ್ಣದಂಶವುಳ್ಳ ಬಾವಿಯ ಗಡಸು ನೀರಿನಲ್ಲಿ ಅದು ಜಿಡ್ಡುಗಟ್ಟಿ ಎಳೆಎಳೆಗೂ ಅಂಟಿಕೊಳ್ಳುತ್ತದೆ. 1918ರಲ್ಲಿ ಬೆಂಗಳೂರಿನ ಸರಕಾರಿ ಸಾಬೂನು ಕಾರ್ಖಾನೆಯ ಗಂಧದ ಬಿಲ್ಲೆ ಬಚ್ಚಲಿಗೆ ಬಂದ ಮೇಲೂ ಉದ್ದಕೂದಲಿನವರು ತಲೆಗೆ ಸೀಗೆಯನ್ನು ಬಿಡದಿದ್ದುದು ಬರಿಯ ಹಟವಲ್ಲ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಮನೆಗಳು ವೈದ್ಯಶಾಸ್ತ್ರವನ್ನು ಲಕ್ಷಿಸಲಿಲ್ಲ. ಬಿಸಿನೀರು ಕತ್ತಿನಿಂದ ಕೆಳಗೆ ಬಲಕಾರಿ, ತಲೆಯ ಮೇಲೆ ಎರೆದರೆ ಕೂದಲಿಗೂ ಕಣ್ಣಿಗೂ ಹಾನಿ ಎಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ನರಕಚತುರ್ದಶಿಯ ಬೆಳಗಿನಲ್ಲಿ ಹಂಡೆಯ ಕುದಿನೀರನ್ನು ಚೊಂಬುಚೊಂಬಾಗಿ ನೆತ್ತಿಗೆ ಸುರಿಯುವ ತಾಯಂದಿರ ಮುಂದೆ ವಾಗ್ಭಟನ ಮಾತು ನಡೆಯುವುದೆಲ್ಲಿ?

ಈಗ ಎಲ್ಲರ ಬಾಯಲ್ಲಿರುವ ಶಾಂಪೂ ಎಂಬ ಶಬ್ದವೂ ಇಲ್ಲಿಂದಲೇ ಹೋದದ್ದು. ಒತ್ತು, ತಿಕ್ಕು ಎಂಬರ್ಥದ ಹಿಂದಿಯ ಚಾಂಪೋ ಅದರ ಮೂಲ. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದನು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹವನ್ನು ತೆರೆದು ಆಂಗ್ಲರ ಮೈ ತಿಕ್ಕಿಸಿ, 1822ರಲ್ಲಿ ಅದನ್ನು ಕುರಿತು ಪುಸ್ತಕವನ್ನೂ ಬರೆದನು. ಅಂಗಮರ್ದನಕ್ಕಿದ್ದ ಆ ಹೆಸರು ತಲೆ ತೊಳೆಯುವುದಕ್ಕೆ ತಿರುಗಿದುದು ಆಮೇಲೆ.

ಕೂದಲಿನ ಆರೈಕೆ ಅಲಂಕಾರದ ಮಾತಷ್ಟೇ ಆಗಿದ್ದರೆ ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಹೆಂಗಸಿನ ತಲೆಯನ್ನು ನೋಡಿ ಅವಳ ಸ್ಥಿತಿಯನ್ನು ಓದುವುದು ಈ ದೇಶದಲ್ಲಿ ಹಳೆಯ ಪದ್ಧತಿ. ಅಲಕೆಯ ಯಕ್ಷಪತ್ನಿ ವಿರಹದಲ್ಲಿ ಒಂದೇ ಜಡೆಯವಳಾಗಿ, ಎಣ್ಣೆ ಕಾಣದ ಒರಟು ಕೂದಲಿನವಳಾಗಿ ಇದ್ದಾಳೆ. ದ್ರೌಪದಿಯ ಬಿಚ್ಚಿದ ಮುಡಿಯಿಂದಲೇ ಭಟ್ಟನಾರಾಯಣನ ನಾಟಕಕ್ಕೆ ವೇಣೀಸಂಹಾರವೆಂಬ ಹೆಸರು. ಇವೆರಡೂ ಮತ್ತೆ ಕಟ್ಟಲಿರುವ ಮುಡಿಗಳು. ಸ್ಕಾಂದಪುರಾಣದ ಕಾಶೀಖಂಡವಾದರೋ ವಿಧವೆಯು ಕಟ್ಟಿದ ಕಬರೀಬಂಧವು ಸತ್ತ ಗಂಡನಿಗೆ ಪರಲೋಕದಲ್ಲಿ ಬಂಧನವಾಗುವುದೆಂದು ಸಾರಿತು. ಅಮರಕೋಶದಲ್ಲಿ ಕೇಶವಿನ್ಯಾಸವೆಂಬಷ್ಟೇ ಅರ್ಥವಿದ್ದ ಪದವು ಹೀಗೆ ಪಾಶವಾಯಿತು. ವಿಧವೆಯ ಧರ್ಮಗಳನ್ನು ವಿಸ್ತರಿಸುವ ಮನು ಯಾಜ್ಞವಲ್ಕ್ಯರಲ್ಲಿ ಕೇಶವಪನದ ಮಾತೇ ಇಲ್ಲವೆಂಬುದನ್ನು ಪಾಂಡುರಂಗ ವಾಮನ ಕಾಣೆಯವರು ಧರ್ಮಶಾಸ್ತ್ರದ ಇತಿಹಾಸದಲ್ಲಿ ತೋರಿಸಿಕೊಟ್ಟಿದ್ದಾರೆ. ಶಾಸ್ತ್ರವನ್ನು ಬಲ್ಲವರು ಈ ಮೌನವನ್ನು ಅರಿಯದವರೇನಲ್ಲ. ಅರಿತೂ ಶತಮಾನಗಳ ಕಾಲ ಬಾಯಿ ಬಿಡಲಿಲ್ಲ. 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ನಿಶ್ಚಯಿಸಿದರು. ಪಂಡಿತರು ಆಡಬೇಕಾಗಿದ್ದ ಮಾತನ್ನು ಕತ್ತಿ ಹಿಡಿದವರು ಆಡಿದರು.

ಎಂ. ಕೆ. ಇಂದಿರಾ ಅವರು 1976ರಲ್ಲಿ ಪ್ರಕಟಿಸಿದ ಫಣಿಯಮ್ಮ ಕಾದಂಬರಿಯಲ್ಲಿ ಮಲೆನಾಡಿನ ಇಂಥ ಒಂದು ಬಾಳಿನ ಚರಿತ್ರೆಯಿದೆ. ಅಂಥ ಮನೆಗಳಲ್ಲಿ ಮಡಿಯುಟ್ಟ ಬೋಳುದಲೆಯ ಅತ್ತೆಯೋ ಅಜ್ಜಿಯೋ ನಸುಕಿನಲ್ಲೆದ್ದು ತಣ್ಣೀರು ಮಿಂದು, ಹಬ್ಬ ಬಂತೆಂದರೆ ಒರಳ ಮುಂದೆ ಕುಳಿತು ಮನೆಯ ಹೆಣ್ಣುಮಕ್ಕಳಿಗೆಲ್ಲ ಸೀಗೆಕಾಯಿ ಕುಟ್ಟಿಕೊಡುತ್ತಿದ್ದಳು. ಅವರ ಸಿಕ್ಕು ಬಿಡಿಸಿ, ಬೈತಲೆ ತೆಗೆದು, ಮೊಗ್ಗಿನ ಜಡೆ ಹೆಣೆಯುವುದರಲ್ಲಿ ಅವಳ ಬೆರಳಿಗೆ ಸಮನಾದ ಬೆರಳು ಕೇರಿಯಲ್ಲಿರುತ್ತಿರಲಿಲ್ಲ.