ಸತೀಶ್ ಆಚಾರ್ಯ

ಸತೀಶ್ ಆಚಾರ್ಯ ಕರ್ನಾಟಕದ ವ್ಯಂಗ್ಯಚಿತ್ರಕಾರರು. ಉಡುಪಿ ಜಿಲ್ಲೆಯ ಕುಂದಾಪುರದಲ್ಲಿ ನೆಲೆಸಿರುವ ಇವರು ರಾಜಕೀಯ, ಕ್ರಿಕೆಟ್ ಮತ್ತು ಸಾಮಾಜಿಕ ವಿಷಯಗಳನ್ನು ಕುರಿತು ರಚಿಸಿದ ಚಿತ್ರಗಳಿಂದ ಪರಿಚಿತರು. ಪತ್ರಿಕೆಗಳಿಗೆ ಚಿತ್ರ ಬರೆಯುವುದರ ಜೊತೆಗೆ, ತಮ್ಮ ರಚನೆಗಳನ್ನು ಅಂತರ್ಜಾಲದ ಮೂಲಕ ನೇರವಾಗಿ ಓದುಗರಿಗೆ ತಲುಪಿಸುತ್ತಾರೆ.

ಆರಂಭಿಕ ಜೀವನ

ಸತೀಶ್ ಆಚಾರ್ಯ ಚಿತ್ರಕಲೆಯಲ್ಲಿ ಔಪಚಾರಿಕ ಶಿಕ್ಷಣ ಪಡೆದವರಲ್ಲ. ಕಾಲೇಜು ದಿನಗಳಲ್ಲಿಯೇ ಇವರ ವ್ಯಂಗ್ಯಚಿತ್ರಗಳು ತರಂಗ, ಸುಧಾ, ತುಷಾರ ಮೊದಲಾದ ಕನ್ನಡ ನಿಯತಕಾಲಿಕಗಳಲ್ಲಿ ಪ್ರಕಟವಾದವು. ಮಂಗಳೂರು ವಿಶ್ವವಿದ್ಯಾನಿಲಯದಿಂದ ಎಂ.ಬಿ.ಎ. ಪದವಿ ಪಡೆದು, ಮುಂಬಯಿಯ ಜಾಹೀರಾತು ಸಂಸ್ಥೆಯೊಂದರಲ್ಲಿ ಉದ್ಯೋಗ ಆರಂಭಿಸಿದರು.

ವೃತ್ತಿಜೀವನ

ಅನಂತರ ಮುಂಬಯಿಯ ಮಿಡ್-ಡೇ ಪತ್ರಿಕೆಗೆ ವ್ಯಂಗ್ಯಚಿತ್ರಕಾರರಾಗಿ ಸೇರಿ ಹಲವು ವರ್ಷ ಕಾರ್ಯನಿರ್ವಹಿಸಿದರು. ಆ ಹುದ್ದೆಯನ್ನು ತೊರೆದ ಬಳಿಕ ಕುಂದಾಪುರಕ್ಕೆ ಮರಳಿ ಸ್ವತಂತ್ರ ವೃತ್ತಿಯಲ್ಲಿ ತೊಡಗಿದರು. 2015ರ ಜನವರಿ 7ರಂದು ಪ್ಯಾರಿಸ್‌ನ ಶಾರ್ಲಿ ಹೆಬ್ಡೊ ವ್ಯಂಗ್ಯಪತ್ರಿಕೆಯ ಕಚೇರಿಯ ಮೇಲೆ ನಡೆದ ದಾಳಿಯಲ್ಲಿ 12 ಮಂದಿ ಹತರಾದರು. ಈ ಘಟನೆಗೆ ಪ್ರತಿಕ್ರಿಯೆಯಾಗಿ ಸತೀಶ್ ಆಚಾರ್ಯ ರಚಿಸಿದ ಚಿತ್ರವು ಅಂತರರಾಷ್ಟ್ರೀಯ ಮಾಧ್ಯಮಗಳ ಗಮನ ಸೆಳೆಯಿತು.

ಅಂತರ್ಜಾಲದಲ್ಲಿ ಪ್ರಕಟಣೆ

2018ರ ಜುಲೈ ತಿಂಗಳಲ್ಲಿ, ಚೀನಾದ ಬೆಳೆಯುತ್ತಿರುವ ಪ್ರಭಾವ ಮತ್ತು ಪ್ರಧಾನಿ ನರೇಂದ್ರ ಮೋದಿ ಅವರನ್ನು ಕುರಿತ ಇವರ ವ್ಯಂಗ್ಯಚಿತ್ರವೊಂದನ್ನು ಮೇಲ್ ಟುಡೇ ಪತ್ರಿಕೆ ಪ್ರಕಟಿಸಲಿಲ್ಲ. ಅವರು ಆ ಚಿತ್ರವನ್ನು ಸಾಮಾಜಿಕ ಜಾಲತಾಣದಲ್ಲಿ ಪ್ರಕಟಿಸಿದರು. ಪತ್ರಿಕೆಯಲ್ಲಿನ ಅವರ ಅಂಕಣವು ಕೊನೆಗೊಂಡಿತು. ಚಿತ್ರಗಳನ್ನು ಆಯ್ಕೆ ಮಾಡುವ ಸಂಪಾದಕರ ಅಧಿಕಾರ ಹಾಗೂ ವ್ಯಂಗ್ಯಚಿತ್ರಕಾರರ ಅಭಿವ್ಯಕ್ತಿ ಸ್ವಾತಂತ್ರ್ಯ ಇವೆರಡರ ನಡುವಿನ ಗಡಿಯನ್ನು ಕುರಿತು ಈ ಪ್ರಸಂಗವು ಸಾರ್ವಜನಿಕ ಚರ್ಚೆಗೆ ಕಾರಣವಾಯಿತು.

ಮುದ್ರಿತ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರವು ಸಂಪಾದಕರ ಒಪ್ಪಿಗೆ ಪಡೆದ ಬಳಿಕವೇ ಓದುಗರನ್ನು ತಲುಪುತ್ತದೆ. ತಿರಸ್ಕೃತವಾದ ಚಿತ್ರವು ಸಾಮಾನ್ಯವಾಗಿ ಕಲಾವಿದರ ಬಳಿಯೇ ಉಳಿಯುತ್ತಿತ್ತು. ಜಾಲತಾಣಗಳು ಅಂತಹ ಚಿತ್ರಕ್ಕೂ ಓದುಗರನ್ನು ಒದಗಿಸಿದವು. ಆದರೆ ಪತ್ರಿಕೆ ನೀಡುತ್ತಿದ್ದ ನಿಶ್ಚಿತ ಸಂಭಾವನೆ ಇಲ್ಲಿ ದೊರೆಯುವುದಿಲ್ಲ. ಓದುಗರ ಟೀಕೆ ಮತ್ತು ನಿಂದನೆಯನ್ನೂ ಕಲಾವಿದರು ನೇರವಾಗಿ ಎದುರಿಸಬೇಕಾಗುತ್ತದೆ.

ಕುಂದಾಪುರದಲ್ಲಿ ವ್ಯಂಗ್ಯಚಿತ್ರ ಕಲೆ

ಕುಂದಾಪುರ ಪರಿಸರವು ಪಂಜು ಗಂಗೊಳ್ಳಿ ಸೇರಿದಂತೆ ಹಲವು ವ್ಯಂಗ್ಯಚಿತ್ರಕಾರರನ್ನು ನೀಡಿದೆ. ಇಲ್ಲಿ ನಡೆಯುವ ಕಾರ್ಟೂನು ಹಬ್ಬದ ಆಯೋಜನೆಯಲ್ಲಿ ಸತೀಶ್ ಆಚಾರ್ಯ ಪ್ರಮುಖ ಪಾತ್ರ ವಹಿಸಿದ್ದಾರೆ. ವ್ಯಂಗ್ಯಚಿತ್ರ ಪ್ರದರ್ಶನ ಹಾಗೂ ಸ್ಪರ್ಧೆಗಳು ಈ ಹಬ್ಬದ ಅಂಗಗಳಾಗಿವೆ.